ಉಸುಕು ತುಂಬಿದ ಡಬ್ಬಿ

ಸಾಲಗುಂದ
4-11-2024, ಸೋಮವಾರ

ಚಿರಂಜೀವಿ ಅಮರೇಶ್ವರಿಗೆ ನಿನ್ನ ಸೋದರಮಾವ ಸೂಗಪ್ಪನ ಅರ್ಧ ಆಶೀರ್ವಾದ. ಉಳಿದರ್ಧ ನಿನ್ನ ಉತ್ತರ ಬಂದ ಮ್ಯಾಲ, ಅದರಾಗ ಖರೆ ಎಷ್ಟೈತಿ ನೋಡಿ ಕಳಿಸ್ತೀನಿ.

ಫೋನ್ ಇರಾಗ ಈ ಮುದುಕ ಕಾಗದ ಯಾಕ ಬರದಾನ ಅಂತ ನೀನೂ ನಿನ್ನ ಜೋಡಿ ಅಂಗಡಿ ನಡಸೋ ಆ ಗೌಸಿಯಾನೂ ನಗಬ್ಯಾಡ್ರಿ. ಫೋನಿನಾಗ ಆಡಿದ ಮಾತಿಗೆ ಸಹಿ ಇರಂಗಿಲ್ಲ. ನಾಳೆ ನೀ "ನಾ ಹಂಗ ಅಂದೇ ಇಲ್ಲ ಮಾಮಾ" ಅಂದ್ರ ನಾ ಯಾರಿಗೆ ಏನು ತೋರಿಸ್ಲಿ? ಸಿಂಧನೂರು ಗಂಜ್ ಮಾರ್ಕೆಟ್ಟಿನಾಗ ನಲವತ್ತು ವರ್ಷ ಭತ್ತ ತೂಗಿದಾವ ನಾ. ಚೀಟಿ ಇಲ್ಲದ ಒಂದು ಚೀಲ ಗೇಟು ದಾಟಿಸಿಲ್ಲ. ಕಾಟಾ ಕೆಟ್ಟ ದಿನ ನನ್ನ ಕೈಯಾಗ ಚೀಲ ಎತ್ತಿಸಿ ತೂಕ ಬರಕೊಂಡಾರ, ಆಮ್ಯಾಲ ಕಾಟಾ ರಿಪೇರಿಯಾಗಿ ನೋಡಿದ್ರ ಒಂದು ಮುಟಿಗಿ ಹೆಚ್ಚುಕಮ್ಮಿ ಇರಲಿಲ್ಲ. ಬೇಕಾದ್ರ ಕೇಳು ಹೋಗಿ.

ಈ ಪಾಕೀಟಿನಾಗ ಏಳು ಭತ್ತದ ಕಾಳು ಹಾಕೀನಿ. ಮೊದಲು ಎಣಿಸು. ಕಮ್ಮಿ ಬಂದ್ರ ನಡುವ ಯಾರೋ ಒಡದು ಓದ್ಯಾರ ಅಂತ ತಿಳಿ. ಟಪಾಲಿನವರ ಮ್ಯಾಲ ನನಗ ಶಕ್ ಇಲ್ಲ. ನಿಮ್ಮತ್ತಿ ಮ್ಯಾಲ ಐತಿ.

ಈಗ ವಿಷಯ. ನಿಮ್ಮತ್ತಿ ಲಕ್ಷ್ಮಿದೇವಿ ಜವಾರಿ ಕೋಳಿಮರಿ ಮಾಡಿ ಮಾರ್ತೀನಿ ಅಂತ ಹಟ ಹಿಡದು ಕಾವಿನ ಪೆಟ್ಟಿಗಿ ತರಿಸ್ಯಾಳ, ನಿನಗ ಗೊತ್ತೈತಿ. ನೂರು ತತ್ತಿ ಹಿಡಿತೈತಂತ, ಇಪ್ಪತ್ತೊಂದು ದಿನ ಒಂದೇ ಸಮ ಬಿಸಿ ಬೇಕಂತ. ಹೊಲದ ಶೆಡ್ಡಿಗೆ ಕರೆಂಟ್ ಬರೋದು ಪಂಪಿನ ಪಾಳಿ ಇದ್ದಾಗ ಅಷ್ಟ. ಅದಕ್ಕ ನಾ ದೊಡ್ಡ ಸೋಲಾರ್ ಪ್ಲೇಟು, ಹೊಸ ಬ್ಯಾಟ್ರಿ ತಂದೆ. ಎರಡರ ನಡುವ ಒಂದು ಕಂಟ್ರೋಲರ್ ಡಬ್ಬಿ ಬೇಕು, ಬ್ಯಾಟ್ರಿಗೆ ಎಷ್ಟು ಬೇಕೋ ಅಷ್ಟ ಕುಡಿಸೋದು ಅದು ಅಂದ್ರು. ಸ್ವಂತ ಸೊಸಿ ಐಟಿಐ ಕಲ್ತು ಲಿಂಗಸುಗೂರಿನಾಗ ಸೋಲಾರ್ ಅಂಗಡಿ ಇಟ್ಟಾಳ ಅಂತ ಎದಿ ಉಬ್ಬಿಸಿಕೊಂಡು ಶುಕ್ರವಾರ ಬಂದೆ.

ಬಂದ್ರ ಏನು? ಟೇಬಲ್ ಮ್ಯಾಲ ಎರಡು ಡಬ್ಬಿ. ಗೌಸಿಯಾ ಅಂದ್ಲು, "ಕಾಕಾ, ಇದು ಸಾದಾದು. ಇದು ಎಂಪಿಪಿಟಿ. ನಿಮಗ ಇದೇ ಬೇಕ್ರಿ." ನಾ ಯಾಕ ಅಂದೆ. ಆಕಿ ನಿನ್ನ ಮಾರಿ ನೋಡಿದ್ಲು, ನೀ ಆಕಿ ಮಾರಿ ನೋಡಿದಿ. ಗಂಜಿನಾಗ ಇಬ್ಬರು ದಲಾಲರು ಹಿಂಗ ಮಾರಿ ಮಾರಿ ನೋಡಿಕೊಂಡ್ರಂದ್ರ ರೈತ ಅವತ್ತು ಮುಳುಗಿದ ಅಂತ ತಿಳಕೋಬೇಕು. ಇನ್ನ ನಾ ಡಬ್ಬಿ ಎತ್ತಿ ನೋಡಿದ್ರ ಆಕಿ ಬಾಯಿಗೆ ಓಢಣಿ ಹಿಡಕೊಂಡು ನಕ್ಕಳು. ಯಾಕ ನಕ್ಕಳು?

ಎರಡು ಮಾತಿಗೆ ಬರದು ಉತ್ತರ ಕಳಿಸು. ಸಾದಾ ಡಬ್ಬಿ ಕೆಟ್ಟದಾದ್ರ ಅಂಗಡ್ಯಾಗ ಯಾಕಿಟ್ಟೀರಿ? ಛಲೋದಾದ್ರ ನನಗ ಯಾಕ ಬ್ಯಾಡ?

ಇಂತಿ, ಮೋಸ ಹೋಗಲಾರದ
ಸೂಗಪ್ಪ ಮಾಮಾ


ಲಿಂಗಸುಗೂರು
11-11-2024

ಮಾಮಾಗೆ ಅಮರೇಶ್ವರಿ ಮಾಡುವ ಪೂರ್ತಿ ನಮಸ್ಕಾರ.

ಕಾಳು ಎಂಟು ಬಂದಾವ. ಓದಿದವರು ತಮ್ಮ ಕಡೆಯಿಂದ ಒಂದು ಹೆಚ್ಚಿಗಿ ಹಾಕ್ಯಾರ ಕಾಣ್ತೈತಿ.

ಸಾದಾ ಡಬ್ಬಿ ಕೆಟ್ಟದಲ್ಲ. ಸಣ್ಣ ಪ್ಲೇಟು, ಎರಡು ಬಲ್ಬು, ಒಂದು ಫ್ಯಾನು ಅಂದ್ರ ನಾ ಅದನ್ನೇ ಕೊಡ್ತೀನಿ. ಮೊನ್ನೆ ಮುದಗಲ್ಲಿನ ಹಣ್ಣಿನ ಅಂಗಡಿಯವರು ದೊಡ್ಡದು ಬೇಕು ಅಂದ್ರೂ ಸಾದಾದೇ ಸಾಕು ಅಂತ ಕಳಿಸೀವಿ. ಪ್ಲೇಟಿನ ವೋಲ್ಟೂ ಬ್ಯಾಟ್ರಿ ವೋಲ್ಟೂ ಹತ್ತಿರ ಹತ್ತಿರ ಇದ್ದಲ್ಲಿ ಅದು ನೆಟ್ಟಗ ಕೆಲಸ ಮಾಡ್ತೈತಿ.

ಆದ್ರ ನೀ ನನ್ನ ಒಂದು ಮಾತು ಕೇಳದ ದೊಡ್ಡ ಪ್ಲೇಟು ಹೊತಗೊಂಡು ಬಂದೀದಿ. ಅದು ಮೂವತ್ತಾರು ಮೂವತ್ತೇಳು ವೋಲ್ಟಿನಾಗ ದುಡೀತೈತಿ. ನಿನ್ನ ಬ್ಯಾಟ್ರಿ ಹದಿಮೂರು ಹದಿನಾಲ್ಕರಾಗ ಕುಡೀತೈತಿ. ನಡುವ ಸಾದಾ ಡಬ್ಬಿ ಹಚ್ಚಿದ್ರ ಅದು ಪ್ಲೇಟನ್ನ ಬ್ಯಾಟ್ರಿ ಮಟ್ಟಕ್ಕ ಎಳದುಬಿಡತೈತಿ. ಗಂಜಿನ ಮಾತಿನಾಗ ಹೇಳ್ತೀನಿ ಕೇಳು: ಮೂರು ಚೀಲ ಭತ್ತ ಬಂದ್ರ ಒಂದು ಚೀಲ ತುಂಬಿ ಎರಡು ಚೀಲ ನೆಲಕ್ಕ ಚೆಲ್ಲಿದಂಗ. ಎಂಪಿಪಿಟಿ ಹಂಗಲ್ಲ. ಹೆಚ್ಚಾದ ವೋಲ್ಟನ್ನ ಒಳಗೇ ಬದಲಿಸಿ ಕರೆಂಟ್ ಮಾಡಿ ಬ್ಯಾಟ್ರಿಗೆ ಕೊಡತೈತಿ. ಒಂದೆರಡು ಮುಟಿಗಿ ಹೋದ್ರ ಹೋದೀತು, ಮೂರೂ ಚೀಲ ತುಂಬತಾವ.

ಅತ್ತಿ ಪೆಟ್ಟಿಗಿಗೆ ಹಗಲೂ ರಾತ್ರಿ ಬಿಸಿ ಬೇಕು. ಸಾದಾ ಡಬ್ಬಿ ಹಚ್ಚಿದ್ರ ಬ್ಯಾಟ್ರಿ ಬೆಳಗಿನ ತನಕ ಬರಂಗಿಲ್ಲ. ತತ್ತಿ ತಣ್ಣಗಾದ್ರ ಒಳಗಿನ ಜೀವ ಹೋಗತೈತಿ. ಅದಕ್ಕ ಹೇಳಿದ್ದು, ಬ್ಯಾರೆ ಏನಿಲ್ಲ.

ನನ್ನ ಸ್ವಾರ್ಥನೂ ಬರೀತೀನಿ, ಸಹಿ ಸಮೇತ ಇಟ್ಟುಕೋ. ಅಂಗಡಿ ಇಟ್ಟು ಆರು ತಿಂಗಳಾತು. ಬಂದವರು ಬಾಗಲದಾಗ ನಿಂತು "ಗಂಡಸರು ಯಾರಿಲ್ಲೇನವ್ವಾ?" ಅಂತ ಕೇಳಿ ಹೊಳ್ಳಿ ಹೋಗ್ತಾರ. ಸಿಂಧನೂರು ಕಡೆ ಮಂದಿ ನಿನ್ನ ಮಾತು ನಂಬ್ತಾರ. ನಿನ್ನ ಶೆಡ್ಡು ಛಲೋ ನಡದ್ರ ನಮ್ಮ ಅಂಗಡಿಯೂ ನಡದೀತು.

ಗೌಸಿಯಾ ನಕ್ಕಿದ್ದು ನೀ ಡಬ್ಬಿನ ತೆಂಗಿನಕಾಯಿ ಹಂಗ ಕಿವಿಗೆ ಹಿಡದು ಅಲ್ಲಾಡಿಸಿದ್ದಕ್ಕ.

ನಿನ್ನ ಸೊಸಿ
ಅಮರಿ


ಸಾಲಗುಂದ
27-11-2024, ಬುಧವಾರ

ಅಮರೇಶ್ವರಿಗೆ ಪಾವು ಆಶೀರ್ವಾದ. ಅರ್ಧದಿಂದ ಪಾವಿಗೆ ಯಾಕ ಇಳೀತು ಅಂತ ಮುಂದ ಓದು.

ನಿನ್ನ ಕಾಗದ ಓದಿ ಮನಸು ಕರಗಿ ಶನಿವಾರ ಬಂದು ಆ ಶ್ಯಾಣ್ಯಾ ಡಬ್ಬಿ ತೊಗೊಂಡೆ. ನೀ ಚಹಾ ಕೊಟ್ಟಿ, ಗೌಸಿಯಾ ಖಾರಾ ಮಂಡಾಳ ಕೊಟ್ಟಳು. ಅಲ್ಲೇ ನನಗ ಜರಾ ಶಕ್ ಬಂತು. ಬರೇ ಚಹಾ ಆದ್ರ ಬ್ಯಾರೆ ಮಾತು.

ಬಸ್ಸಿನಾಗ ಡಬ್ಬಿ ತೊಡಿ ಮ್ಯಾಲ ಇತ್ತು. ಮಸ್ಕಿ ಬರೋದ್ರಾಗ ತೊಡಿ ಜುಮುಜುಮು ಅನ್ನಾಕತ್ತಿತು. ಅವಾಗ ತಲಿ ಓಡ್ತು. ಇದರೊಳಗ ಹಾಯೋದು ಕರೆಂಟ್. ಕರೆಂಟಿಗೆ ತೂಕ ಐತೇನು? ಮತ್ತ ಈ ಭಾರ ಯಾತರದ್ದು? ಹಸಿ ಭತ್ತ ಭಾರ, ಒಣಗಿದ ಭತ್ತ ಹಗುರ. ಚೀಲದ ತಳಕ್ಕ ಉಸುಕು ಸುರದಾವನ ಮಾಲು ಭಾರ, ಹಸನ ಮಾಡಿದಾವನ ಮಾಲು ಹಗುರ. ನಲವತ್ತು ವರ್ಷದಾಗ ಯಾವ ಚೀಲ ಇರೋದ್ಕಿಂತ ಭಾರ ಬಂತೋ, ಬಿಚ್ಚಿದಾಗ ಅದರಾಗ ಮೋಸ ಸಿಕ್ಕೈತಿ. ಒಂದು ಸಲನೂ ತಪ್ಪಿಲ್ಲ.

ಮಸ್ಕಿಯಾಗ ಬಸ್ಸು ಚಹಾಕ್ಕ ನಿಂತಿತು. ಗಂಜಿನಾಗ ನನ್ನ ಕೈಕೆಳಗ ಚೀಲ ಹೊಲೀತಿದ್ದ ನರಸಣ್ಣ ಈಗ ಅಲ್ಲಿ ಬಸ್‌ಸ್ಟ್ಯಾಂಡ್ ಹತ್ರ ಟಾರ್ಚು, ರೇಡಿಯೋ, ಸೋಲಾರ್ ಸಾಮಾನು ಇಟ್ಟಾನ. ನನ್ನ ನೋಡಿ ಕೂಗಿದ.

"ಏನ್ ಸೂಗಪ್ಪಣ್ಣ, ಎದಿಗವಚಿಕೊಂಡು ಬಂದೀದಿ, ಕೂಸೇನದು?"

"ಕೂಸಲ್ಲಲೇ, ಕಂಟ್ರೋಲರ್."

"ಇಷ್ಟು ದೊಡ್ಡದಾ? ಇದನ್ನ ಹಿಡಿ ನೋಡೂನು" ಅಂತ ಒಂದು ನೀಲಿ ಡಬ್ಬಿ ನನ್ನ ಕೈಯಾಗಿಟ್ಟ. ಹಪ್ಪಳ ಹಿಡದಂಗಾತು. ಮ್ಯಾಲ ಅವೇ ನಾಕು ಇಂಗ್ಲಿಷ್ ಅಕ್ಷರ. ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ, ಆದ್ರ ಕಣ್ಣು ಅದಾವಲ್ಲ? ಎರಡು ಡಬ್ಬಿ ಬಾಜೂಕ ಇಟ್ಟು ಒಂದೊಂದು ಅಕ್ಷರದ ಮ್ಯಾಲ ಬೆರಳಿಟ್ಟು ತಾಳಿ ನೋಡಿದೆ. ಬರೋಬ್ಬರಿ ಅವೇ.

"ಯಾವುದು ಖರೇದು ನರಸಣ್ಣ?" ಅಂದೆ.

"ಅಣ್ಣಾ, ನಿನ್ನ ಕೈ ಇರಾಗ ನಾ ಏನು ಹೇಳ್ಲಿ? ನಿನ್ನ ಕೈಯೇ ಹೇಳ್ಲಿ."

ಇಂಥಾ ಮಾತು ನಿನ್ನ ಅಂಗಡ್ಯಾಗ ಒಬ್ಬರರ ಅಂದ್ರೇನು? ಹಗುರ ಡಬ್ಬಿ ತೊಗೊಂಡೆ. ನಿನ್ನ ಡಬ್ಬಿ ಕಂಡಕ್ಟರ್ ಅಲ್ಲಾಭಕ್ಷ್ ಕೈಯಾಗ ಹೊಳ್ಳಿ ಕಳಿಸೀನಿ. ಅದರಾಗಿನ ಉಸುಕು ಯಾರು ತುಂಬ್ಯಾರ ಅಂತ ನಾ ಕೇಳಂಗಿಲ್ಲ. ನೀ ಸಣ್ಣಾಕಿ, ನಿನಗೂ ಯಾರೋ ಟೋಪಿ ಹಾಕಿರಬೋದು. ಆ ಗೌಸಿಯಾನ ಕೇಳು.

ನಾಕು ಮಂದಿ ಮೋಸ ಹೋಗಬಾರದಂತ ಗಂಜಿನಾಗ ಮಾತು ಹಾಕೀನಿ. ಚಿಂತಿ ಮಾಡಬ್ಯಾಡ, ನಿನ್ನ ಹೆಸರು ಎತ್ತಿಲ್ಲ. "ಲಿಂಗಸುಗೂರಿನಾಗ ಇಬ್ಬರು ಹುಡುಗ್ಯಾರ ಅಂಗಡಿ ಐತಲ್ಲ, ಅಲ್ಲಿ" ಅಂದೀನಿ ಅಷ್ಟ.

ನಿಮ್ಮತ್ತಿ ಮೊನ್ನೆ ಸೋಮವಾರ ತೊಂಬತ್ತಾರು ತತ್ತಿ ಇಟ್ಟಾಳ. ಮನಿ ಮನಿ ತಿರುಗಿ ಜವಾರಿ ತತ್ತಿ ಕೂಡಿಸ್ಯಾಳ. ಒಂದೊಂದರ ಮ್ಯಾಲೂ ಪೆನ್ಸಿಲಿನಿಂದ ಗುರ್ತು ಮಾಡ್ಯಾಳ, ಯಾರ ಮನೀದು ಯಾವುದು ಅಂತ.

ಕೈ ನಂಬಿದಾವ
ಸೂಗಪ್ಪ

ಈ ಸಲ ಒಂಬತ್ತು ಕಾಳು.


ಲಿಂಗಸುಗೂರು
4-12-2024

ಸೂಗಪ್ಪನವರಿಗೆ ನಮಸ್ಕಾರ.

ನೀವು ಕಳಿಸಿದ ಡಬ್ಬಿ ಮುಟ್ಟಿತು. ಕಾಳು ಎಣಿಸಿಲ್ಲ.

ನಿಮ್ಮ ಕಡೆಯಿಂದ ಈ ವಾರ ಬರಬೇಕಾಗಿದ್ದ ಮೂವರು ಗಿರಾಕಿಗಳು ಬರಲಿಲ್ಲ. ನಾಲ್ಕನೆಯವರು ಬಂದರು. ಡಬ್ಬಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿ, "ಇದರಾಗ ಉಸುಕು ಎಷ್ಟ್ ಸೇರೈತಿ?" ಎಂದು ಕೇಳಿ ಜೊತೆಗಿದ್ದವರ ಕಡೆ ತಿರುಗಿ ನಕ್ಕರು. ಗೌಸಿಯಾ ಒಳಗೆ ಹೋಗಿ ಕುಳಿತಳು. ಈ ಅಂಗಡಿಯಲ್ಲಿ ನಿಲ್ಲಬೇಕೆಂದು ಆಕೆ ತನ್ನ ಮನೆಯಲ್ಲಿ ಎಷ್ಟು ಜನರ ಕೂಡ ಜಗಳ ಆಡಿದ್ದಾಳೆ ಎಂಬುದು ನಿಮಗೆ ಗೊತ್ತಿಲ್ಲ. "ಕಾಕಾ ಹಂಗ ಅಂದ್ರಾ?" ಎಂದು ಒಂದೇ ಸಲ ಕೇಳಿದಳು. ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ನಿಮ್ಮ ಕಾಗದ ಟೇಬಲ್ ಮೇಲೇ ಇತ್ತು.

ನಿಮ್ಮ ನಂಬರು ಬ್ಲಾಕ್ ಮಾಡಿದ್ದೇನೆ. ನೀವೇ ಹೇಳಿದಿರಲ್ಲ, ಫೋನಿನ ಮಾತಿಗೆ ಸಹಿ ಇರುವುದಿಲ್ಲ ಎಂದು.

ಅತ್ತೆಯ ಸಲುವಾಗಿ ಒಂದು ಕೆಲಸ ಮಾಡಿ. ಅಲ್ಲಾಭಕ್ಷ್ ಅವರ ಕೈಯಲ್ಲಿ ಮೀಟರ್ ಕಳಿಸಿದ್ದೇನೆ. ಬಿಸಿಲು ನೆತ್ತಿಗೆ ಬಂದಾಗ ಕೆಂಪು ಕಡ್ಡಿ, ಕರಿ ಕಡ್ಡಿ ಹಿಡಿದು ಮೊದಲು ಡಬ್ಬಿಗೆ ಪ್ಲೇಟಿನ ತಂತಿ ಸೇರುವಲ್ಲಿ, ಆಮೇಲೆ ಬ್ಯಾಟರಿ ತಂತಿ ಸೇರುವಲ್ಲಿ ನೋಡಿ. ಎರಡೂ ಅಂಕಿ ಇದ್ದ ಹಾಗೆ ಬರೆದು ಕಳಿಸಿ. ಯಾವುದು ಸರಿ, ಯಾವುದು ತಪ್ಪು ಎಂದು ಈಗ ಹೇಳುವುದಿಲ್ಲ. ಹೇಳಿದರೆ ಅದನ್ನೇ ಬರೆಯುತ್ತೀರಿ.

ಅಮರೇಶ್ವರಿ


ಸಾಲಗುಂದ
9-12-2024, ಸೋಮವಾರ

ಅಮರೇಶ್ವರಿಗೆ,

ಸೂಗಪ್ಪ"ನವರು" ಆದ್ನೇನು ನಾ? ಇರ್ಲಿ. ನಿಮ್ಮವ್ವ ಆದೆಮ್ಮ, ನನ್ನ ಬೆನ್ನಿಗೆ ಬಿದ್ದಾಕಿ, ಇವತ್ತಿಗೂ "ಅಣ್ಣಾ" ಅನ್ನಲಾರದ ನೀರು ಕೊಡಂಗಿಲ್ಲ. ಆಕಿ ಮಗಳು ನನಗ ನವರು ಹಚ್ಚಾಕತ್ಯಾಳ.

ಮೀಟರ್ ಬಂತು. ಮೊದಲು ಮೀಟರೇ ಖರೇದೋ ಖೊಟ್ಟಿಯೋ ಅಂತ ಟಾರ್ಚಿನ ಸೆಲ್ಲಿಗೆ ಹಿಡದು ಪರೀಕ್ಷಾ ಮಾಡೀನಿ. ನಾ ಏನು ಕಣ್ಣು ಮುಚ್ಚಿ ನಂಬಾವ ಅಲ್ಲ. ನಿನ್ನೆ ಬಿಸಿಲು ನೆತ್ತಿ ಮ್ಯಾಲ ಇರಾಗ ಹಚ್ಚಿ ನೋಡಿದೆ. ಈಗ ಬಾಯಿ ತಗದು ಓದು.

ಪ್ಲೇಟಿನ ಕಡೆ: ಹದಿಮೂರು.
ಬ್ಯಾಟ್ರಿ ಕಡೆ: ಹದಿಮೂರು.

ಏನಂತೀ? ತಕ್ಕಡಿ ಈ ಕಡೆ ಅಲ್ಲಾಡಿಲ್ಲ, ಆ ಕಡೆ ಅಲ್ಲಾಡಿಲ್ಲ. ಬಂದದ್ದು ಎಷ್ಟೋ ಹೋದದ್ದು ಅಷ್ಟು. ನಡುವ ಒಂದು ಕಾಳು ತಿಂದಿಲ್ಲ. ಇಂಥಾ ನೀಯತ್ತಿನ ಡಬ್ಬಿ ನೀವು ಕಂಡೀರೇನು? ಊರಾಗ ಎಲ್ಲಾರಿಗೂ ತೋರಿಸೀನಿ. ನಿಮ್ಮತ್ತಿಗೆ "ನೋಡಲೇ, ನನ್ನ ಕೈ" ಅಂದೆ. ಆಕಿ ಶೆಡ್ಡಿನ ಕಡೆ ನಡದ್ಲು.

ಆಕಿದು ಬ್ಯಾರೇನ ಐತಿ. ನಾಕು ದಿನದಿಂದ ನಸುಕಿನಾಗ ಶೆಡ್ಡಿಗೆ ಹೋಗಿ ಬಂದು "ಪೆಟ್ಟಿಗಿ ಕೆಂಪು ದೀಪ ಆರೇತಿ" ಅಂತಾಳ. ದೀಪ ಆರಿದ್ರ ಆರ್ಲಿ, ಬಿಸಿಲು ಏರಿದ ಮ್ಯಾಲ ಮತ್ತ ಹತ್ತತೈತಲ್ಲ? ಆಕಿ ಗಳಿಗಿಗೊಮ್ಮೆ ಮುಚ್ಚಳ ತಗದು ನೋಡ್ತಾಳ, ಅದಕ್ಕ ಬಿಸಿ ಹೋಗತೈತಿ ಅಂತ ನನ್ನ ಶಕ್. ಇಲ್ಲಾ ಬ್ಯಾಟ್ರಿ ಮಾರಿದಾವ ಹಳೇದಕ್ಕ ಹೊಸ ಚೀಟಿ ಹಚ್ಚಿ ಕೊಟ್ಟಾನ. ಇಲ್ಲಾ ಈ ಸಲದ ಚಳಿ. ಡಬ್ಬಿದು ಮಾತ್ರ ತಪ್ಪಿಲ್ಲ, ಲೆಕ್ಕ ನಿನ್ನ ಮುಂದ ಐತಿ.

ಇನ್ನೊಂದು ಶಕ್ ಐತಿ. ನಿಮ್ಮತ್ತಿ ಫೋನ್ ಸೆರಗಿನಾಗ ಮುಚ್ಚಿಕೊಂಡು ದನದ ಕೊಟ್ಟಿಗಿಗೆ ಹೋಗ್ತಾಳ. ದನ ಯಾರಿಗೂ ಫೋನ್ ಮಾಡಂಗಿಲ್ಲ. ಆಕಿ ಯಾರ ಕೂಡ ಮಾತಾಡ್ತಾಳ ನನಗ ಗೊತ್ತೈತಿ.

ಆ ಗೌಸಿಯಾ ಒಳಗ ಹೋಗಿ ಕುಂತಳು ಅಂತ ಬರದೀದಿ. ಗಂಜಿನಾಗ ನಾ ಆಕಿ ಹೆಸರೂ ಎತ್ತಿರಲಿಲ್ಲ. ಆಮ್ಯಾಲ ಹೊರಗ ಬಂದ್ಲೋ ಇಲ್ಲೋ, ಅದನ್ನ ಬರೀಲಿಲ್ಲ ನೀ.

ಗೆದ್ದಾವ
ಸೂಗಪ್ಪ


ಲಿಂಗಸುಗೂರು
12-12-2024

ಸೂಗಪ್ಪನವರಿಗೆ,

ಎರಡೂ ಕಡೆ ಸಮ ಬಂದರೆ ಅದು ಸಾದಾ ಡಬ್ಬಿ. ಮೂವತ್ತಾರರ ಪ್ಲೇಟನ್ನು ಹದಿಮೂರಕ್ಕೆ ಎಳೆದು ಕೂರಿಸಿದೆ. ಎಂಪಿಪಿಟಿ ಆಗಿದ್ದರೆ ಎರಡು ಅಂಕಿ ಬೇರೆ ಬೇರೆ ಇರಬೇಕಿತ್ತು.

ಬ್ಯಾಟರಿ ಹೊಸದೇ, ಅದಕ್ಕೆ ಹೊಟ್ಟೆ ತುಂಬಿಲ್ಲ ಅಷ್ಟೆ. ಅತ್ತೆ ಮುಚ್ಚಳ ತೆಗೆದದ್ದಲ್ಲ, ಚಳಿಯೂ ಅಲ್ಲ. ನಿಮ್ಮ ಕಾಗದ ಓದಿದ ಕೂಡಲೇ ಅತ್ತೆಗೆ ಫೋನ್ ಮಾಡಿ ತತ್ತಿಗಳನ್ನು ಇವತ್ತೇ ಕಾವಿಗೆ ಕುಂತ ಕೋಳಿಗಳ ಕೆಳಗೆ ಇಡಲು ಹೇಳಿದ್ದೇನೆ. ನಿಮಗೆ ಕಾಗದದ ಮೇಲೆ ಬೇಕಲ್ಲ, ಅದಕ್ಕೆ ಇದು.

ಅಮರೇಶ್ವರಿ


ಸಾಲಗುಂದ
19-1-2025, ಭಾನುವಾರ

ಅಮರಿಗೆ,

ಒಂದು ತಿಂಗಳ ಮ್ಯಾಲಾತು ಬರದು. ಮೂರು ಸಲ ಬರದು ಹರದು ಹಾಕಿದೆ. ಈ ಸಲ ಪಾಕೀಟಿನಾಗ ಕಾಳು ಹಾಕಿಲ್ಲ. ಯಾರು ಬೇಕಾದ್ರೂ ಒಡದು ಓದ್ಲಿ.

ನಿನ್ನ ಫೋನ್ ಬಂದ ಗುರುವಾರ ನಿಮ್ಮತ್ತಿ ಪೆಟ್ಟಿಗಿ ಬಿಚ್ಚಿದ್ಲು. ಬುಟ್ಟಿಗೆ ಕೌದಿ ಹಾಸಿ ಒಂದೊಂದ ತತ್ತಿ ಇಟ್ಟುಕೊಂಡು ಊರಾಗ ನಡದ್ಲು. ಖಾಸಿಂಬೀ ಮನ್ಯಾಗ ಕಾವಿಗೆ ಕುಂತ ಕೋಳಿ ಎರಡು, ಯಮನಮ್ಮನ ಮನ್ಯಾಗ ಮೂರು. ಒಂದೊಂದರ ಕೆಳಗ ಹತ್ತು ಹನ್ನೆರಡು ಇಟ್ಟರು. ಉಳಿದವು ಕೌದಿಯಾಗೇ ಉಳದ್ವು. ನಾ ಹಿಂದ ಹಿಂದ ಹೋದೆ, "ಕೊಡು, ನಾ ಹಿಡೀತೀನಿ" ಅಂದೆ. ನನ್ನ ಕೈಯಾಗ ಒಂದು ತತ್ತಿ ಕೊಡಲಿಲ್ಲ ಆಕಿ. ಸಾವಿರಾರು ಚೀಲ ನಂಬಿ ಕೊಟ್ಟ ಕೈ ಇದು.

ತೊಂಬತ್ತಾರರಾಗ ಮೂವತ್ತೆಂಟು ಮರಿ ಬಂದಾವ. ಬರಲಾರದವನ್ನ ತಿಪ್ಪಿಗೆ ಒಯ್ಯೋ ಕೆಲಸ ನನಗ ಬಂತು. ಒಂದೊಂದ ಕೈಯಾಗ ಹಿಡದು ಪೆನ್ಸಿಲ್ ಗುರ್ತು ನೋಡಿ ಇಟ್ಟೆ. ಭಾರ ಅದಾವೋ ಹಗುರ ಅದಾವೋ ಅಂತ ಕೇಳಿದ್ರ ಅವತ್ತು ನನಗ ಹೇಳಾಕ ಬರ್ತಿರಲಿಲ್ಲ.

ಹೊಸ ವರ್ಷದ ದಿನ ಲಿಂಗಸುಗೂರಿಗೆ ಬಂದಿದ್ದೆ. ನೀ ಮುದಗಲ್ಲಿಗೆ ಪ್ಲೇಟು ಹಚ್ಚಾಕ ಹೋಗಿದ್ದಿ. ನೀ ಇಲ್ಲದ ದಿನ ಕೇಳಿಕೊಂಡೇ ಬಂದಿದ್ದೆ, ಅದನ್ನೂ ಬರೀತೀನಿ. ಗೌಸಿಯಾ ಒಬ್ಬಾಕಿ ಇದ್ದಳು. ಕುಂದ್ರಿ ಅಂತ ಕುರ್ಚಿ ಕೊಟ್ಟಳು. ನಾ ಏನೂ ಕೇಳೋಕಿಂತ ಮೊದಲು ಸ್ಕ್ರೂಡ್ರೈವರ್ ತೊಗೊಂಡು ನಾ ಹೊಳ್ಳಿ ಕಳಿಸಿದ್ದ ಡಬ್ಬಿ ನನ್ನ ಮುಂದ ಬಿಚ್ಚಿದ್ಲು. ಉಸುಕು ಎಲ್ಲೈತಿ ಅಂತ ಬಗ್ಗಿ ನೋಡಿದೆ ಅಮರಿ, ಸುಳ್ಳು ಹೇಳಂಗಿಲ್ಲ, ಅವಾಗೂ ಹುಡುಕಿದೆ. ಒಳಗ ಬಳಿ ಗಾತ್ರದ ಸುತ್ತು, ಅದಕ್ಕ ದಪ್ಪ ತಾಮ್ರದ ತಂತಿ. ಹಿಂದ ಗಟ್ಟಿ ಅಲ್ಯೂಮಿನಿಯಂ.

"ಭಾರ ಇದೇ ನೋಡ್ರಿ ಕಾಕಾ. ವೋಲ್ಟು ಬದಲಾಗಿ ಕರೆಂಟ್ ಆಗೋದು ಈ ಸುತ್ತಿನಾಗ. ಬಿಸಿ ಹೀರಾಕ ಅಲ್ಯೂಮಿನಿಯಂ."

ಚೀಲದಾಗಿಟ್ಟುಕೊಂಡು ಒಯ್ದಿದ್ದ ನರಸಣ್ಣನ ಡಬ್ಬಿ ಕೊಟ್ಟೆ. ಅದನ್ನೂ ಬಿಚ್ಚಿದ್ಲು. ಅಂಗೈಯಷ್ಟು ಹಸರು ಹಲಿಗಿ, ಬಾಕಿ ಬರೇ ಗಾಳಿ.

"ಮತ್ತ ಮ್ಯಾಲ ಅಕ್ಷರ ಅವೇ ಅದಾವಲ್ಲವ್ವಾ?" ಅಂದೆ.

"ಅಕ್ಷರ ಅಚ್ಚು ಹಾಕಾಕ ತಾಮ್ರ ಬೇಕಿಲ್ಲ ಕಾಕಾ."

ಈ ಸಲ ಆಕಿ ನಗಲಿಲ್ಲ. ನಕ್ಕಿದ್ರ ಛಲೋ ಇತ್ತು. ಭಾರದ ಡಬ್ಬಿ ಮತ್ತ ಕೂಡಿಸಿ, ಹಾಳಿಯಾಗ ಸುತ್ತಿ, ನನ್ನ ಎರಡೂ ಕೈಯಾಗ ಇಟ್ಟಳು. "ಅಮರಿಗೆ ನಾ ಹೇಳ್ತೀನಿ, ನೀವು ಒಯ್ರಿ" ಅಂದ್ಲು.

ಹೊಳ್ಳಿ ಬರಾಗ ಮಸ್ಕಿಯಾಗ ಇಳದು ನರಸಣ್ಣನ ಅಂಗಡಿಗೆ ಬೈಯ್ಯಾಕಂತ ಹೋದೆ. "ಅಣ್ಣಾ, ಬಂದ ಮಾಲು ಬಂದಂಗ ಮಾರೀನಿ. ನಾ ಏನರ ಅಂದ್ನೇನು? ನಿನ್ನ ಕೈಯೇ ಒಪ್ಪಿಕೊಂತಲ್ಲ" ಅಂದ. ಅವತ್ತು ಅವ "ನಿನ್ನ ಕೈಯೇ ಹೇಳ್ಲಿ" ಅಂದಿದ್ದು ಯಾಕ ಅಂತ ಈಗ ತಿಳೀತು.

ಶನಿವಾರ ಗಂಜಿಗೆ ಹೋಗಿ ಎಲ್ಲಾರ ಮುಂದ ಎರಡೂ ಡಬ್ಬಿ ಕಾಟಾ ಮ್ಯಾಲ ಇಟ್ಟೆ. ಹಮಾಲರು, ದಲಾಲರು, ಭತ್ತ ತಂದ ರೈತರು ಎಲ್ಲಾ ಕೂಡಿದ್ರು. ಗೌಸಿಯಾ ಹೇಳಿದಂಗ ಹೇಳಿದೆ. ಭಾರದ್ದು ಖರೇದು, ಹಗುರದ್ದು ಖೊಟ್ಟಿ, ಉಸುಕು ಅಂದದ್ದು ನಾ, ಅದು ಸುಳ್ಳು. ಹಿಂದಿನಿಂದ ಒಬ್ಬ "ಸೂಗಪ್ಪನ ಕೈಗೆ ಹುಳ ಬಿತ್ತಲೇ!" ಅಂದ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು. ನಾ ಅಂದೆ, ಕೈ ತಪ್ಪಿಲ್ಲಲೇ. ಕೈ ಭಾರ ಐತಿ ಅಂತ ಅಂದಿತ್ತು, ಅಷ್ಟು ಖರೆ. ಉಸುಕು ಅಂದದ್ದು ಬಾಯಿ. ಬಾಯಿಗೆ ನಾ ಯಾವತ್ತೂ ಕಾಟಾ ಇಟ್ಟಿರಲಿಲ್ಲ.

ಹೋದ ಮೂವರು ಗಿರಾಕಿ ಹೊಳ್ಳಿ ಬರ್ತಾರಂತ ನಾ ಬರಕೊಡಂಗಿಲ್ಲ. ಮಂದಿ ಸುಳ್ಳನ್ನ ಲಗೂ ನಂಬ್ತಾರ. ಖರೆ ಹೇಳಿದ್ರ ಸೊಸಿ ಕೈಯಿಂದ ಏನು ತಿಂದಾನೋ ಅಂತಾರ. ಒಬ್ಬ ಅಂದೂ ಬಿಟ್ಟ. ಅದಕ್ಕ ಈ ಕಾಗದ ನಿಮ್ಮ ಅಂಗಡಿ ಗ್ವಾಡಿಗೆ ಹಚ್ಚು. ಬಂದವರಿಗೆ ಗೌಸಿಯಾ ಓದಿ ಹೇಳ್ಲಿ. ನನ್ನ ಬೈದು ಓದಿದ್ರೂ ನಡೀತೈತಿ.

ನಿಮ್ಮತ್ತಿ ನಾಳೆ ಎರಡನೇ ಸಲ ತತ್ತಿ ಇಡ್ತಾಳ. ಇವತ್ತು ಬುಟ್ಟಿ ಹಿಡಕೋ ಅಂತ ನನ್ನ ಕೈಯಾಗ ಕೊಟ್ಟಾಳ. ಮರಿ ಬಂದ್ರ ಅದರಾಗ ಎರಡು ಗೌಸಿಯಾಗ ಅಂತ ತತ್ತಿ ಮ್ಯಾಲ ನಾನೇ ಗುರ್ತು ಹಾಕೀನಿ. ನನ್ನ ನಂಬರಿನ ಬ್ಲಾಕ್ ತಗಿ ಅಂತ ಕೇಳಂಗಿಲ್ಲ. ಇಟ್ಟುಕೊಂಡ ಅರ್ಧ ಆಶೀರ್ವಾದ ಇದರ ಕೂಡ ಕಳಿಸೀನಿ.

ಇವತ್ತು ಬಿಸಿಲು ನೆತ್ತಿಗೆ ಬಂದಾಗ, ನಿಮ್ಮತ್ತಿ ಬಾಜೂಕ ನಿಂತಿರಾಗ, ಮೀಟರ್ ಹಚ್ಚಿ ನೋಡೀನಿ. ಪ್ಲೇಟಿನ ಕಡೆ ಮೂವತ್ತಾರು. ಬ್ಯಾಟ್ರಿ ಕಡೆ ಹದಿನಾಲ್ಕಕ್ಕ ಜರಾ ಕಮ್ಮಿ. ಎರಡು ಸಲ ನೋಡೀನಿ, ಇದ್ದಂಗ ಬರದೀನಿ. ಸಮ ಇಲ್ಲ. ಸಮ ಇಲ್ಲದ ತಕ್ಕಡಿಗೆ ನಲವತ್ತು ವರ್ಷದಾಗ ನಾ ಒಂದು ಸಲನೂ ಸಹಿ ಹಾಕಿಲ್ಲ.

ಇದಕ್ಕ ಹಾಕೀನಿ.

ಸೂಗಪ್ಪ
ತೂಕದಾವ, ಸಿಂಧನೂರು ಗಂಜು